ಗಿರಣಿಯವರೆಗೆ ಹೋದ ಮಾತು

ಮರಡಿಕೊಪ್ಪದ ಸರಕಾರಿ ದವಾಖಾನೆಗೆ ಒಬ್ಬ ಹೆಣ್ಣು ಡಾಕ್ಟರು ಬಂದರೆ ಸಾಕು, ಊರ ಹೆಂಗಸರೆಲ್ಲ ಬಾಗಿಲಲ್ಲಿ ಸಾಲು ಹಚ್ಚುತ್ತಾರೆ ಎಂದು ತ್ರಿವೇಣಿ ನಂಬಿದ್ದಳು. ನಂದಗಡದಿಂದ ಹಲಸಿಯ ಕಡೆ ಹೋಗುವ ದಾರಿಯಲ್ಲಿದ್ದ ಆ ಊರಿಗೆ ಅವಳು ಸೊಸೆಯಾಗಿ ಬಂದವಳು, ಅಲ್ಲಿಯ ದವಾಖಾನೆಯಲ್ಲೇ ನರ್ಸ್ ಆಗಿದ್ದವಳು. ಕೊನೆಗೂ ಶೀತಲ ಮೇಡಂ ಬಂದರು. ನಿಪ್ಪಾಣಿ ಕಡೆಯವರು, ಚಿಕ್ಕ ವಯಸ್ಸು, ಸಿಡುಕು ಗೊತ್ತಿಲ್ಲದ ಹೆಣ್ಣುಮಗಳು. ಜ್ವರ ಬಂದ ಮಕ್ಕಳನ್ನು ಎತ್ತಿಕೊಂಡು ತಾಯಂದಿರು ಬಂದರು, ಬಿಪಿ ಗುಳಿಗೆಗೆ ಮುದುಕರು ಬಂದರು, ಹೊಲದಲ್ಲಿ ಕುಡುಗೋಲು ತಾಗಿಸಿಕೊಂಡವರು ಬಂದರು. ಆದರೆ ಹೆಂಗಸರು ತಮ್ಮ ಒಳಗಿನ ಬೇನೆ ಹೇಳಿಕೊಳ್ಳಲು ಬರಲಿಲ್ಲ. ದವಾಖಾನೆಯ ಗೇಟಿನ ಎದುರಿಗೇ ಬಸ್ಸು ಹತ್ತಿ, ನಂದಗಡ ದಾಟಿ, ಖಾನಾಪುರ ದಾಟಿ, ಬೆಳಗಾವಿಯ ಖಾಸಗಿ ನರ್ಸಿಂಗ್ ಹೋಮುಗಳಿಗೆ ಹೋಗುತ್ತಿದ್ದರು.

"ಯಾಕ ಹಿಂಗ, ಸಿಸ್ಟರ್? ನನ್ನದೇನರ ತಪ್ಪಾಗಾಕತ್ತೈತೇನು?" ಎಂದು ಶೀತಲ ಮೇಡಂ ಒಂದು ದಿನ ಕೇಳಿದರು.

"ನಿಮ್ಮದೇನಿಲ್ರೀ ಮೇಡಂ. ಈ ಮಂದಿಗಿ ಗಾಜಿನ ಬಾಗಲಾ ಇರೂ ದೊಡ್ಡ ಬಿಲ್ಡಿಂಗ ಬೇಕು. ಪುಕ್ಕಟ ಕೊಟ್ಟ ಗುಳಿಗಿ ನಾಟೂದಿಲ್ಲ ಅಂತಾರ. ತಿಳುವಳಿಕಿ ಕಡಿಮಿ," ಎಂದಳು ತ್ರಿವೇಣಿ.

ಅವಳು ಅದನ್ನು ಮನಸಾರೆ ನಂಬಿಯೇ ಹೇಳಿದ್ದಳು. ಡ್ಯೂಟಿ ಮುಗಿದ ಮೇಲೆ ಓಣಿ ಓಣಿ ತಿರುಗಿ ಕರೆದಳು ಕೂಡ. ಹೋದಲ್ಲೆಲ್ಲ ಚಾ ಕೊಟ್ಟರು, "ಬರ್ತೇವ್ರೀ ನರ್ಸಬಾಯಿ" ಎಂದರು. ಮರುದಿನ ಅದೇ ಹೆಂಗಸರು ಸೆರಗು ತಲೆಯ ಮೇಲೆ ಎಳೆದುಕೊಂಡು ಬಸ್ಸಿಗೆ ಕಾಯುವುದನ್ನು ಅವಳು ಕಿಟಕಿಯಿಂದ ನೋಡುತ್ತಿದ್ದಳು.

ಮನೆಯಲ್ಲಿ ಅವಳಲ್ಲದೆ ಗಂಡ ಬೀರೇಶ, ಅತ್ತೆ ಸತ್ಯವ್ವ. ಬೀರೇಶ ಕರೆಂಟಿನ ಲೈನ್‌ಮನ್. ಅವನ ಅಪ್ಪ ಇರುವ ತನಕ ಮನೆಯಲ್ಲಿ ಕುರಿ ಹಿಂಡಿತ್ತು. ಅಪ್ಪ ತೀರಿಕೊಂಡ ಮೇಲೆ ಸತ್ಯವ್ವ ಹಿಂಡು ಮಾರಿ, ಹಿತ್ತಲಲ್ಲಿ ಎರಡು ಆಡು ಕಟ್ಟಿಕೊಂಡು ಮನೆ ನೋಡಿಕೊಳ್ಳುತ್ತಿದ್ದಳು. ಅತ್ತೆ ಸೊಸೆಗೆ ಒಮ್ಮೆಯೂ ಜಗಳವಾದದ್ದನ್ನು ಊರು ಕೇಳಿರಲಿಲ್ಲ. ಸಂಜೆ ಮೂವರೂ ಒಲೆಯ ಮುಂದೆ ಕುಳಿತು ಉಣ್ಣುವಾಗ ತ್ರಿವೇಣಿ ದವಾಖಾನೆಯ ಸುದ್ದಿ ಹೇಳುತ್ತಿದ್ದಳು. ಹೇಳುವ ಕಲೆ ಅವಳಿಗಿತ್ತು. ಯಾರು ಹೇಗೆ ನರಳಿದರು, ಯಾರು ಸೂಜಿ ಕಂಡು ಹೇಗೆ ಓಡಿದರು, ಯಾವ ಹೊಸ ಮದುಮಗಳು ಏನು ಕೇಳಿ ನಾಚಿದಳು ಎಂಬುದನ್ನೆಲ್ಲ ಅವರದೇ ದನಿಯಲ್ಲಿ, ಅವರದೇ ಮುಖಭಾವದಲ್ಲಿ ಮಾಡಿ ತೋರಿಸುತ್ತಿದ್ದಳು. ಆದರೆ ಯಾರ ಹೆಸರನ್ನೂ ಎತ್ತುತ್ತಿರಲಿಲ್ಲ. "ಹೆಸರು ಮಾತ್ರ ಕೇಳಬ್ಯಾಡ್ರಿ, ಅದು ನಮ್ಮ ಕೆಲಸದ ಧರ್ಮ," ಎನ್ನುತ್ತಿದ್ದಳು. ಅಷ್ಟು ಮಾಡಿದರೆ ಎಲ್ಲ ಸರಿಯಾಗಿದೆ ಎಂದು ಅವಳಿಗೆ ಅನಿಸುತ್ತಿತ್ತು.

ಶೀತಲ ಮೇಡಂ ಬರುವುದಕ್ಕೂ ಮೊದಲು ಒಂದು ಸಲ ಹೆಂಗಸರ ತಪಾಸಣೆಗೆಂದು ಹೊರಗಿನಿಂದ ಡಾಕ್ಟರೊಬ್ಬರು ಬಂದಿದ್ದರು. ಅವತ್ತು ಬಂದವರಲ್ಲಿ ಗರ್ಭಚೀಲ ಕೆಳಗಿಳಿದ ಹಿರಿಯ ಹೆಂಗಸೊಬ್ಬಳಿದ್ದಳು. ವರ್ಷಗಳಿಂದ ಯಾರಿಗೂ ಹೇಳದೆ, ಹಳೆಯ ಸೀರೆಯ ತುಂಡನ್ನು ಬಿಗಿದು ಕಟ್ಟಿಕೊಂಡು ಗದ್ದೆ ಕೆಲಸ ಮಾಡಿದವಳು. ಸಂಜೆ ತ್ರಿವೇಣಿ ಅದನ್ನು ಹೇಳುತ್ತ ಹೇಳುತ್ತ ಎದ್ದು ನಿಂತು, ರೊಟ್ಟಿಯ ತಾಟನ್ನು ಕೈಯಲ್ಲಿ ಹಿಡಿದೇ, ಕಾಲು ಅಗಲಿಸಿ ಅಡುಗೆಮನೆಯ ಈ ಗೋಡೆಯಿಂದ ಆ ಗೋಡೆಗೆ ನಡೆದು ತೋರಿಸಿದ್ದಳು. ಬೀರೇಶನಿಗೆ ನಕ್ಕು ನಕ್ಕು ನೆತ್ತಿಗೇರಿತ್ತು. ಸತ್ಯವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಿದ್ದಳು. ತ್ರಿವೇಣಿ ಕೈ ತೊಳೆಯುವ ಹೊತ್ತಿಗೆ ಅದನ್ನು ಮರೆತಿದ್ದಳು.

ಶ್ರಾವಣದ ಒಂದು ಬೆಳಿಗ್ಗೆ ಸತ್ಯವ್ವ ಏಳಲಿಲ್ಲ. ತ್ರಿವೇಣಿ ಹೋಗಿ ಮುಟ್ಟಿ ನೋಡಿದರೆ ಮೈ ಕಾದ ಹಂಚಿನ ಹಾಗಿತ್ತು. ಕಂಬಳಿಯೊಳಗೆ ಮುದುಕಿ ನಡುಗುತ್ತಿದ್ದಳು, ಕಿಬ್ಬೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು.

"ಏಳ್ರಿ ಅತ್ತೀ, ದವಾಖಾನಿಗಿ ಹೋಗೂಣು. ಮೇಡಂ ಈಗ ಬರ್ತಾರ."

"ಅಲ್ಲಿ ಬ್ಯಾಡ."

"ಯಾಕ್ರೀ? ಇಲ್ಲೇ ಬಾಜೂಕ ಐತೆಲ್ಲ."

ಸತ್ಯವ್ವ ಮಂಚದ ಪಟ್ಟಿ ಹಿಡಿದುಕೊಂಡಳು. ಬೀರೇಶ ಬಂದು ಹೆಗಲಿಗೆ ಕೈ ಹಾಕಿದ. "ಹಂಗಾರ ಖಾನಾಪುರಕ್ಕರ ಹೋಗೂಣು ನಡಿಯವ್ವಾ," ಎಂದ.

"ಅಲ್ಲೂ ಈಕಿ ಗೆಳತ್ಯಾರು ಅದಾರ. ನನ್ನ ಬೆಳಗಾವಿಗಿ ಒಯ್ಯಿ ಬೀರ್ಯಾ. ಆಗೂದಿಲ್ಲಂದ್ರ ಇಲ್ಲೇ ಬಿಡ್ರಿ, ಸಾಯ್ತೇನಿ."

ತ್ರಿವೇಣಿಗೆ ಅತ್ತೆಯ ಜ್ವರಕ್ಕಿಂತ ಮೊದಲು ನೆನಪಾದದ್ದು ಊರ ಬಾಯಿ. ಮನೆಮನೆಗೆ ಹೋಗಿ ನಮ್ಮ ದವಾಖಾನೆಗೆ ಬನ್ನಿ ಎಂದವಳ ಅತ್ತೆಯೇ ದವಾಖಾನೆ ದಾಟಿ ಹೋದಳು ಎಂದರೆ ಇನ್ನು ಯಾರ ಮುಂದೆ ಮುಖ ಎತ್ತುವುದು? ಹೀಗೆ ಅನಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಬೀರೇಶ ಪರಿಚಯದವರ ಕಾರು ಕರೆಸಿದ. ಕಾರು ದವಾಖಾನೆಯ ಗೇಟಿನ ಮುಂದೆ ಹಾಯುವಾಗ ಶೀತಲ ಮೇಡಂ ರೇನ್‌ಕೋಟು ಹಾಕಿಕೊಂಡು ಸ್ಕೂಟಿಯಿಂದ ಇಳಿಯುತ್ತಿದ್ದರು. ಕಾರಿನೊಳಗೆ ತಮ್ಮ ಸಿಸ್ಟರ್ ಇರುವುದನ್ನು ಕಂಡು ಏನಾಯಿತು ಎನ್ನುವಂತೆ ಕೈ ಎತ್ತಿದರು. ತ್ರಿವೇಣಿ ಬಗ್ಗಿ, ಅತ್ತೆಯ ಕಂಬಳಿ ಸರಿ ಮಾಡುವವಳಂತೆ ಮುಖ ಮರೆಸಿದಳು.

ಖಾನಾಪುರದಲ್ಲಿ ಮಲಪ್ರಭೆ ಸೇತುವೆಯ ಕೆಳಗೆ ಕೆಂಪಾಗಿ ಹರಿಯುತ್ತಿತ್ತು. ಬೆಳಗಾವಿ ಮುಟ್ಟುವ ತನಕ ಸತ್ಯವ್ವ ಕಣ್ಣು ತೆರೆಯಲಿಲ್ಲ. ಊರೊಳಗೆ ಹೊಕ್ಕ ಮೇಲೆ ಮಾತ್ರ ತಲೆ ಎತ್ತಿ ಡ್ರೈವರನಿಗೆ ಹೇಳಿದಳು: "ರವಿವಾರ ಪ್ಯಾಟ್ಯಾಗ ಹೊಗಬ್ಯಾಡೋ ತಮ್ಮಾ, ಬೆಲ್ಲದ ಲಾರಿ ನಿಂತಿರ್ತಾವ. ಎಡಕ್ಕ ಹೊಳ್ಳಿಸು. ಮುಂದ ಒಂದು ಔಷಧ ಅಂಗಡಿ ಬರ್ತೈತಿ, ಅದರ ಬಾಜೂಕ."

ಬೀರೇಶ ಹಿಂದೆ ತಿರುಗಿ ಹೆಂಡತಿಯನ್ನು ನೋಡಿದ. ಆಗಾಗ ಓಣಿಯ ಚಂದ್ರವ್ವನ ಜೊತೆ ರವಿವಾರ ಪೇಟೆಗೆ ಸಾಮಾನು ತರಲು ಹೋಗುತ್ತೇನೆ ಎಂದು ಅವ್ವ ಹೋಗಿ ಬರುತ್ತಿದ್ದುದು ಇಬ್ಬರಿಗೂ ಗೊತ್ತಿತ್ತು. ಅರ್ಧ ಕಿಲೋ ಬೆಲ್ಲ, ಒಂದಿಷ್ಟು ಮೆಣಸಿನಕಾಯಿ ತಂದಿಡುತ್ತಿದ್ದಳು. ಅದಕ್ಕಾಗಿ ಬೆಳಗಾವಿಯವರೆಗೆ ಯಾಕೆ ಎಂದು ಇಬ್ಬರೂ ಕೇಳಿರಲಿಲ್ಲ.

ನರ್ಸಿಂಗ್ ಹೋಮಿನ ಬಾಗಿಲಲ್ಲಿ ಕುಳಿತಿದ್ದ ಹುಡುಗಿ ಸತ್ಯವ್ವನನ್ನು ಕಂಡ ಕೂಡಲೆ ಎದ್ದಳು. "ಬಸಾ ಆಜೀ, ಕುಂದರ್ರಿ. ಮಾಯವ್ವ ಆಜಿ ಬಂದಾರ, ಗಾಲಿ ಕುರ್ಚಿ ತರ್ರಿ," ಎಂದು ಒಳಗೆ ಕೂಗಿದಳು. ಆಮೇಲೆ ಮುದುಕಿಯ ಕೈ ಹಿಡಿದು, "ರಿಂಗ್ ಬದಲಿ ಮಾಡಸಾಕ ಭಾಳ ತಡಾ ಮಾಡಿದ್ರೆಲ್ಲ. ನಿಮ್ಮ ಸೃಷ್ಟಿ ಬಂದಿಲ್ಲೇನು?" ಎಂದಳು.

ಬೀರೇಶನಿಗೆ ಏನೂ ತಿಳಿಯಲಿಲ್ಲ. ತ್ರಿವೇಣಿಗೆ ಎಲ್ಲ ತಿಳಿಯಿತು. ಇಳಿದ ಗರ್ಭಚೀಲವನ್ನು ಮೇಲಕ್ಕೆ ತಡೆದು ಹಿಡಿಯಲು ಒಳಗೆ ಇಡುವ ರಬ್ಬರಿನ ಬಳೆ ಅದು. ಕಾಲಕಾಲಕ್ಕೆ ಬದಲಿಸಬೇಕು, ಇಲ್ಲದಿದ್ದರೆ ನಂಜಾಗುತ್ತದೆ. ಸೃಷ್ಟಿ ಎಂದರೆ ಚಂದ್ರವ್ವನ ಸೊಸೆ. ಮಾಯವ್ವ ಎಂದರೆ ಯಾರೂ ಅಲ್ಲ, ಅತ್ತೆ ಇಲ್ಲಿ ಬರೆಸಿದ ಸುಳ್ಳು ಹೆಸರು.

ಒಳಗಿನ ಡಾಕ್ಟರು ವಯಸ್ಸಾದ ಹೆಣ್ಣುಮಗಳು. ತಪಾಸಣೆ ಮುಗಿಸಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, "ನೀವು ಏನಾಗಬೇಕು?" ಎಂದು ಕೇಳಿದರು.

"ಸೊಸೀರಿ."

"ಏನ್ ಮಾಡ್ತೀರಿ?"

ನರ್ಸ್ ಎಂದು ಹೇಳಿಕೊಳ್ಳಲು ತ್ರಿವೇಣಿಗೆ ನಾಚಿಕೆಯಾಯಿತು. ಅದೇ ಮನೆಯಲ್ಲಿದ್ದು, ಒಂದೇ ಬಚ್ಚಲು ಬಳಸುತ್ತ, ಅತ್ತೆಗೆ ಏನಾಗಿದೆ ಎಂದು ಗೊತ್ತಿರದ ನರ್ಸ್. "ಮನ್ಯಾಗ ಇರ್ತೇನ್ರಿ," ಎಂದಳು.

"ಹಂಗಾರ ನಿಮಗ ತಿಳಿಯೂಹಂಗ ಹೇಳ್ತೇನಿ," ಎಂದು ಡಾಕ್ಟರು ಕಾಗದದ ಮೇಲೆ ಚಿತ್ರ ಬಿಡಿಸಿ, ಗರ್ಭಚೀಲ ಎಂದರೆ ಏನು, ಅದು ಎಲ್ಲಿರುತ್ತದೆ, ಯಾಕೆ ಇಳಿಯುತ್ತದೆ ಎಂದು ನಿಧಾನವಾಗಿ ವಿವರಿಸಿದರು. ತ್ರಿವೇಣಿ ಶಾಲೆ ಹುಡುಗಿಯ ಹಾಗೆ ತಲೆಯಾಡಿಸಿದಳು. ನಂಜು ಮೂತ್ರದ ದಾರಿಗೆ ಹತ್ತಿದೆ, ಜ್ವರ ಇಳಿದ ಮೇಲೆ ಮುಂದೊಂದು ದಿನ ಆಪರೇಶನ್ ಮಾಡಲೇಬೇಕು ಎಂದರು. ಬೀರೇಶನಿಗೂ ಹೇಳಿದರು. ಅವನು ಕೇಳುತ್ತ ಕೇಳುತ್ತ ನೆಲ ನೋಡಿದ. ಅವತ್ತು ನೆತ್ತಿಗೇರುವಂತೆ ನಕ್ಕದ್ದು ಅವನಿಗೆ ನೆನಪಾಯಿತೋ ಇಲ್ಲವೋ. ಚಾ ತರುತ್ತೇನೆ ಎಂದು ಹೋದವನು ಬಹಳ ಹೊತ್ತು ಬರಲಿಲ್ಲ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಜ್ವರ ಬಿಟ್ಟಿತು. ವಾರ್ಡಿನಲ್ಲಿ ಅತ್ತೆ ಸೊಸೆ ಇಬ್ಬರೇ ಇದ್ದರು.

"ಯಾವಾಗಿಂದ ಐತ್ರಿ ಅತ್ತೀ?"

"ಹ್ವಾದ ವರ್ಷದ್ದು."

"ನನಗ್ಯಾಕ ಹೇಳಲಿಲ್ಲ? ನಾ ಇದ ಕೆಲಸ ಮಾಡಾಕಿ. ಮನ್ಯಾಗ ಅದೇನಿ."

"ಅದಕ್ಕ ಹೇಳಲಿಲ್ಲ," ಎಂದಳು ಸತ್ಯವ್ವ.

ಮುದುಕಿ ಗೋಡೆಯ ಕಡೆ ಮುಖ ಮಾಡಿಕೊಂಡು, ಬಿಟ್ಟು ಬಿಟ್ಟು ಮಾತಾಡಿದಳು.

"ನೀ ಅವತ್ತ ಅಡಗೀಮನ್ಯಾಗ ನಡದು ತೋರಿಸಿದಿ ನೋಡು. ತಾಟ ಹಿಡಕೊಂಡು."

ಯಾವತ್ತು, ಯಾರದು ಎಂದು ತ್ರಿವೇಣಿ ನೆನಪು ಮಾಡಿಕೊಳ್ಳಬೇಕಾಯಿತು. ನೆನಪಾದಾಗ ಅವಳ ಕಿವಿ ಬಿಸಿಯಾದವು. "ನಾ ಹೆಸರು ಹೇಳಿದ್ದಿಲ್ಲರಿ," ಎಂದಳು.

"ಹೆಸರು ಯಾಕ ಬೇಕವಾ? ನಮ್ಮ ಓಣ್ಯಾಗ ಹಂಗ ನಡಿಯಾಕಿ ಒಬ್ಬಾಕೇ ಇದ್ದಳು. ಚಂದ್ರವ್ವ. ನೀ ನಡಿಯೂದು ನೋಡಿ ನಾನೂ ನಕ್ಕೆ. ನಕ್ಕು ಅಷ್ಟಕ್ಕ ಬಿಡಲಿಲ್ಲ. ಮರದಿನ ಜೋಳ ಬೀಸಾಕ ಗಿರಣಿಗಿ ಹೋಗಿದ್ನೆಲ್ಲ, ಅಲ್ಲಿ ಹೇಳಿದೆ. ಪಾಳಿ ಹಚ್ಚಿದವರೆಲ್ಲ ನಕ್ಕರು. ಸಂಜೀಕ ಊರ ತುಂಬ ಆತು. ಆಕಿ ಮಗಾ ಕಲ್ಮೇಶ ಕಟ್ಟೀಮ್ಯಾಲ ಕುಂತರ ಸಾಕು, ಅವನ ಮುಂದ ಯಾವನರ ಒಬ್ಬ ಹಂಗ ನಡದು ತೋರಸ್ತಿದ್ದ. ಆಕಿ ಮನಿ ಬಿಟ್ಟು ಹೊರಗ ಬರೂದ ನಿಂತಿತು. ಗದ್ದೀಗಿ ಸುದ್ದಾ ಹೋಗಲಿಲ್ಲ."

ಕಾರಿಡಾರಿನಲ್ಲಿ ಯಾರೋ ಮರಾಠಿಯಲ್ಲಿ ಮಾತಾಡುತ್ತ ಹಾದು ಹೋದರು. ಸತ್ಯವ್ವ ಅವರು ದಾಟುವ ತನಕ ತಡೆದು ಮುಂದುವರಿಸಿದಳು.

"ಮುಂದ ನನಗೂ ಅದ ಬಂತು. ಯಾರ ಮುಂದ ಹೇಳ್ಲಿ? ನಿನ್ನ ಮುಂದ ಹೇಳೂಣಂದ್ರ ನನ್ನ ಕಣ್ಣಿಗಿ ನೀ ತಾಟ ಹಿಡಕೊಂಡು ನಡಿಯೂದ ಬರತಿತ್ತು. ಒಂದಿನ ಚಂದ್ರವ್ವನ ಮನಿಗಿ ಹೋದೆ. ಗಿರಣ್ಯಾಗ ಹೇಳಿದಾಕಿ ನಾನೇ ಅಂತ ಆಕಿ ಕಾಲ ಹಿಡದೆ. ಆಕಿ ನನ್ನ ಎಬ್ಬಿಸಿ ಕುಂದರಿಸಿದಳು. ಚಾ ಕುದಿಸಿ ಕೊಟ್ಟಳು. ಸೊಸಿ ನನ್ನ ಬೆಳಗಾವ್ಯಾಗ ತೋರಸಾಕತ್ಯಾಳ, ಅಲ್ಲಿ ನಾವು ಯಾರಂತ ಯಾರಿಗೂ ಗೊತ್ತಿಲ್ಲ, ನೀನೂ ಬಾ ಅಂದಳು. ಮಾಯವ್ವ ಅಂತ ಹೆಸರು ಹಚ್ಚಿದಾಕೀನೂ ಆಕೀನ. ಇವತ್ತಿನ ತನಕ ಆಕಿ ಬಾಯಿಂದ ನನ್ನ ಸುದ್ದಿ ಒಂದೂ ಹೊರಗ ಬಿದ್ದಿಲ್ಲ."

"ನೀವಿಬ್ರ ಏನ್ರೀ ಹಿಂಗ ಬರೂದು?"

"ಬಸ್ಸಿನ್ಯಾಗ ನಮ್ಮೂರ ಹೆಂಗಸರು ಇನ್ನೂ ಇರ್ತಾರವಾ. ಯಾರೂ ಯಾರ ಮಾರೀನೂ ನೋಡೂದಿಲ್ಲ. ಕೇಳಿದ್ರ ಎಲ್ಲಾರೂ ಪ್ಯಾಟಿಗೇ ಹೊಂಟಿರ್ತಾರ."

ತ್ರಿವೇಣಿ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತಳು. ಒಲೆಯ ಮುಂದೆ ತಾನು ಹೇಳಿದ ಸುದ್ದಿಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಮಕ್ಕಳಾಗದೆ ತಪಾಸಣೆಗೆ ಬಂದಿದ್ದ ಗಂಡ ಹೆಂಡತಿ, ಗಂಡನಿಂದ ಹತ್ತಿದ ಕಜ್ಜಿ ಎಂದು ಅತ್ತಿದ್ದವಳು, ಮದುವೆಗೆ ಮುಂಚೆ ಮುಟ್ಟು ನಿಂತಿತ್ತೆಂದು ಬೆವರಿದ್ದ ಹುಡುಗಿ. ಯಾವುದಕ್ಕೂ ಹೆಸರಿರಲಿಲ್ಲ, ಆದರೆ ಎಲ್ಲದಕ್ಕೂ ಓಣಿ ಇತ್ತು, ನಡಿಗೆ ಇತ್ತು, ದನಿ ಇತ್ತು. ಅವುಗಳಲ್ಲಿ ಎಷ್ಟು ಗಿರಣಿಗೆ ಹೋದವು, ಎಷ್ಟು ಕಟ್ಟೆಗೆ ಹೋದವು ಎಂದು ತಿಳಿಯುವ ದಾರಿಯಿರಲಿಲ್ಲ. ತಿಳುವಳಿಕೆ ಕಡಿಮೆ ಎಂದು ತಾನು ಅಂದದ್ದು ಯಾರ ಬಗ್ಗೆ ಎಂದು ಯೋಚಿಸಿದಾಗ ಅವಳಿಗೆ ಎದುರಿನ ರಸ್ತೆಯಲ್ಲಿ ಹೋಗುವವರ ಮುಖ ನೋಡುವುದೂ ಕಷ್ಟವಾಯಿತು.

ಊರಿಗೆ ಮರಳಿದ ಮೇಲೆ ಅವಳು ಮೊದಲು ಹೋದದ್ದು ಚಂದ್ರವ್ವನ ಮನೆಗೆ. ಕಲ್ಮೇಶ ಜಗಲಿಯ ಮೇಲಿದ್ದ. ಬರ್ರಿ ಎನ್ನಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಚಂದ್ರವ್ವ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ತ್ರಿವೇಣಿ ಹೊಸ್ತಿಲ ಒಳಗೆ ನಿಂತಳು.

"ಕಾಕು, ನನ್ನಿಂದ ಭಾಳ ತಪ್ಪಾತು," ಎಂದಳು.

"ಕುಂದರವಾ."

ತ್ರಿವೇಣಿ ಕುಳಿತಳು. ಚಂದ್ರವ್ವ ಮೊರದಿಂದ ಹರಳು ಆರಿಸಿ ತೆಗೆಯುತ್ತಲೇ ಹೇಳಿದಳು. "ಅವತ್ತ ಡಾಕ್ಟರು ನನ್ನ ನೋಡೂಮುಂದ ನೀ ನನ್ನ ಕೈ ಹಿಡಕೊಂಡಿದ್ದಿ. ಅಂಜಬ್ಯಾಡ್ರಿ ಕಾಕು, ನಾ ಅದೇನಿ ಅಂದಿದ್ದಿ. ನನಗ ಭಾಳ ಧೈರ್ಯ ಬಂದಿತ್ತು. ಮನಿಗಿ ಬಂದು ಸೊಸಿ ಮುಂದ ಹೇಳಿದ್ದೆ, ನರ್ಸಬಾಯಿ ಹೊಟ್ಟೀಲೆ ಹುಟ್ಟಿದ ಮಗಳಿದ್ದಂಗ ಅಂತ." ಅವಳು ತಲೆ ಎತ್ತಿದಳು. "ಒಂದ ಮಾತು ಕೇಳ್ತೇನಿ. ಕೈ ಹಿಡದಿದ್ದು ಖರೇನೋ, ನಡದು ತೋರಿಸಿದ್ದು ಖರೇನೋ?"

"ಎರಡೂ ನಾನ ಕಾಕು," ಎಂದಳು ತ್ರಿವೇಣಿ.

"ಅದಕ್ಕ ನಮಗ ಅಂಜಿಕಿ."

ಅವಳು ಮತ್ತೆ ಅಕ್ಕಿಗೆ ಕೈ ಹಾಕಿದಳು. "ಸಿಟ್ಟು ಇಟ್ಟಕೊಂಡಿಲ್ಲ ನಾ," ಎಂದಳು ಚಂದ್ರವ್ವ. "ನಿಮ್ಮತ್ತಿ ಬಂದು ಅತ್ತಾಗ ಅದು ಹೋತು. ಆದ್ರ ಇನ್ನ ಮ್ಯಾಲ ನಿಮ್ಮ ದವಾಖಾನಿಗಿ ಬಾ ಅಂತ ನನ್ನ ಕರೀಬ್ಯಾಡ. ಅಲ್ಲಿ ಗ್ವಾಡಿ ಗ್ವಾಡಿಗೂ ನಮ್ಮೂರವರ ಕಿವಿ ಅದಾವ."

ಶೀತಲ ಮೇಡಂ ಮುಂದೆ ಹೇಳುವುದು ಇದಕ್ಕಿಂತ ಸುಲಭವಾಗಬಹುದು ಎಂದು ತ್ರಿವೇಣಿ ಅಂದುಕೊಂಡಿದ್ದಳು. ಆಗಲಿಲ್ಲ. ಕೋಣೆಯ ಬಾಗಿಲು ಹಾಕಿ, ನಿಂತುಕೊಂಡೇ, ಚಂದ್ರವ್ವನ ಹೆಸರಾಗಲಿ ಅತ್ತೆಯ ಬೇನೆಯಾಗಲಿ ಬಾಯಿಗೆ ಬಾರದ ಹಾಗೆ, ತನ್ನ ಬಾಯಿಂದ ಏನಾಯಿತು ಎಂಬುದನ್ನಷ್ಟೇ ಹೇಳಿದಳು. ಮೇಡಂ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೇಳಿದರು.

"ಖಾನಾಪುರದಾಗ ಮೀಟಿಂಗ ಆದಾಗೆಲ್ಲ ನಾ ಎಲ್ಲಾರ ಮುಂದ ಹೇಳೇನಿ ಸಿಸ್ಟರ್, ನಮ್ಮ ಊರಾಗ ಹೆಂಗಸರಿಗಿ ತಿಳುವಳಿಕಿ ಇಲ್ಲ ಅಂತ. ನಿಮ್ಮ ಮಾತು ನಂಬಿ ಹೇಳೇನಿ," ಎಂದರು ಕೊನೆಗೆ.

"ಹೌದ್ರಿ."

"ನೀವೊಬ್ರ ಅಲ್ಲ, ಬಿಡ್ರಿ. ನಿನ್ನೆ ನಮ್ಮ ಸಿಪಾಯಿ ಸಿದರಾಯ ವರಾಂಡಾದಾಗ ನಿಂತು, ಬಿಳಿ ಹೋಗೂ ಪೇಶಂಟ್ ಯಾರು ಅಂತ ಒದರಿದ. ನಾ ಒಳಗ ಕುಂತು ಕೇಳಿದೆ. ಸುಮ್ಮನ ಇದ್ದೆ." ಅವರ ಮುಖವೂ ಸಣ್ಣದಾಗಿತ್ತು.

ಹೆಂಗಸರ ತಪಾಸಣೆಯ ಕೋಣೆಯಿಂದ ತನ್ನನ್ನು ತೆಗೆದುಬಿಡಿ ಎಂದು ತ್ರಿವೇಣಿಯೇ ಕೇಳಿಕೊಂಡಳು. ಮೇಡಂ ಬೇಡ ಎನ್ನಲಿಲ್ಲ. ನಂದಗಡದಿಂದ ಬಂದು ಹೋಗುತ್ತಿದ್ದ ರೂಪಾಲಿ ಎಂಬ ನರ್ಸಿಗೆ ಆ ಕೆಲಸ ಹೋಯಿತು. ಅವಳಿಗೆ ಊರಲ್ಲಿ ಓಣಿಯೂ ಇರಲಿಲ್ಲ, ಬಂಧುಗಳೂ ಇರಲಿಲ್ಲ. ಬಾಗಿಲಿಗೆ ಒಳಗಿನಿಂದ ಹಾಕುವ ಚಿಲಕ ಬಂತು. ಸಿದರಾಯನಿಗೆ ಬೇನೆಯ ಹೆಸರು ಕೂಗಬಾರದೆಂದು ತಾಕೀತಾಯಿತು. ತ್ರಿವೇಣಿ ಮಕ್ಕಳ ಲಸಿಕೆ, ಗಾಯದ ಪಟ್ಟಿ ನೋಡಿಕೊಂಡಳು.

ದಸರೆ ಕಳೆದ ಮೇಲೆ ಸತ್ಯವ್ವನ ಆಪರೇಶನ್ ಬೆಳಗಾವಿಯಲ್ಲೇ ಆಯಿತು. ತ್ರಿವೇಣಿ ಇಲ್ಲಿ ಅಲ್ಲಿ ಎನ್ನಲಿಲ್ಲ. ಮನೆಗೆ ಬಂದ ಮೇಲೆ ಮೈ ತೊಳೆಸಲು, ಬಟ್ಟೆ ಬದಲಿಸಲು ಸತ್ಯವ್ವ ಚಂದ್ರವ್ವನ ಸೊಸೆ ಸೃಷ್ಟಿಯನ್ನೇ ಕರೆಸಿಕೊಂಡಳು. ತ್ರಿವೇಣಿ ನೀರು ಕಾಸಿ ಬಕೀಟು ಬಾಗಿಲ ಹೊರಗಿಟ್ಟು ಹಿಂದೆ ಸರಿಯುತ್ತಿದ್ದಳು. ಒಳಗಿನಿಂದ ಸೃಷ್ಟಿ, "ಆತ್ರೀ ಅಕ್ಕಾರ," ಎಂದು ಬಕೀಟು ಎಳೆದುಕೊಳ್ಳುತ್ತಿದ್ದಳು. ಊರ ಹೆಂಗಸರೆಲ್ಲರ ಗಾಯ ತೊಳೆದ ಕೈ ಮನೆಯಲ್ಲಿ ಖಾಲಿ ನಿಂತಿರುತ್ತಿತ್ತು. ಒಮ್ಮೆ ಸೃಷ್ಟಿ ತವರಿಗೆ ಹೋಗಿದ್ದಾಗ ಸತ್ಯವ್ವ ಒಳಗಿನಿಂದ ಕರೆದಳು. ತ್ರಿವೇಣಿ ಹೋಗಿ, ಒಂದೂ ಮಾತಾಡದೆ, ಮಾಡಬೇಕಾದದ್ದು ಮಾಡಿದಳು. ಸತ್ಯವ್ವ ಅಷ್ಟು ಹೊತ್ತೂ ಕಣ್ಣು ಮುಚ್ಚಿಕೊಂಡೇ ಇದ್ದಳು. ಮುಗಿದ ಮೇಲೆ, "ನಾಳಿಗಿ ಸೃಷ್ಟಿ ಬರ್ತಾಳೇನು ನೋಡು," ಎಂದಳು.

ಬೆಳಗಾವಿಯ ಬಸ್ಸಿಗೆ ಹೆಂಗಸರು ಈಗಲೂ ನಿಲ್ಲುತ್ತಿದ್ದರು. ಆದರೂ ಚಳಿಗಾಲ ಬರುವ ಹೊತ್ತಿಗೆ ರೂಪಾಲಿಯ ಕೋಣೆಗೆ ಒಬ್ಬರು ಇಬ್ಬರು ಬರತೊಡಗಿದರು, ಅದೂ ಬೇರೆ ಊರವರು. ಒಂದು ದಿನ ಮರಡಿಕೊಪ್ಪದವಳೇ ಒಬ್ಬಳು ಗೇಟಿನ ಒಳಗೆ ಬಂದು, ವರಾಂಡದಲ್ಲಿ ತ್ರಿವೇಣಿ ಕುಳಿತಿರುವುದನ್ನು ಕಂಡು ಅಲ್ಲೇ ನಿಂತಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಬಸ್ಸಿನ ರಸ್ತೆಯ ಕಡೆ ಒಮ್ಮೆ, ಒಳಗೆ ಒಮ್ಮೆ ನೋಡಿದಳು. ತ್ರಿವೇಣಿ ಅವಳನ್ನು ಕಂಡೂ ಕಾಣದವಳಂತೆ ಎದ್ದು, ಲಸಿಕೆ ಇಡುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ಬೆಳಕಿರಲಿಲ್ಲ. ಕೆನ್ನೆ ಉರಿಯುತ್ತಿತ್ತು. ತುಸು ಹೊತ್ತಿನ ಮೇಲೆ ವರಾಂಡದಲ್ಲಿ ಚಪ್ಪಲಿ ಬಿಟ್ಟ ಸಪ್ಪಳವಾಯಿತು. "ಬರ್ರಿ, ಕುಂದರ್ರಿ," ಎಂದು ಶೀತಲ ಮೇಡಂ ಹೇಳಿದ್ದು ಕೇಳಿಸಿತು, ಚಿಲಕ ಬಿದ್ದದ್ದು ಕೇಳಿಸಿತು. ಆ ಹೆಂಗಸು ಹೊರಗೆ ಬಂದು ಹೋಗುವ ತನಕ ತ್ರಿವೇಣಿ ಕತ್ತಲಲ್ಲೇ ನಿಂತಿದ್ದಳು.